ಒಂದಕ್ಷರದ ಪಾಠಾಂತರ: ಜೀವಕೋಶದ ಬರಹ, ಓದು ಮತ್ತು ಸ್ಖಲನ

ಓಲೆಗರಿಯ ಹಸ್ತಪ್ರತಿಯಲ್ಲಿ ಪದಗಳ ನಡುವೆ ತೆರಪಿರುವುದಿಲ್ಲ. ಅಕ್ಷರಗಳು ಸಾಲಾಗಿ ಸಾಗುತ್ತವೆ; ಎಲ್ಲಿ ಒಡೆದು ಓದಬೇಕೆಂಬುದನ್ನು ಓದುವವನೇ ತಿಳಿದಿರಬೇಕು. ಪ್ರತಿ ಮಾಡುವಾಗ ಲಿಪಿಕಾರನ ಕಣ್ಣು ಜಾರಿದರೆ ಒಂದಕ್ಷರ ಮತ್ತೊಂದಾಗುತ್ತದೆ, ಇಲ್ಲವೆ ಬಿಟ್ಟುಹೋಗುತ್ತದೆ. ಆ ತಪ್ಪು ಮುಂದಿನ ಪ್ರತಿಗಳಿಗೂ ಇಳಿಯುತ್ತದೆ. ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಇದು ಹೊಸ ಮಾತಲ್ಲ. ಜೀವಕೋಶದೊಳಗಿನ ಆನುವಂಶಿಕ ಬರಹಕ್ಕೂ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಹೋಲಿಕೆಯನ್ನು ಎಲ್ಲಿಯವರೆಗೆ ಎಳೆಯಬಹುದು, ಎಲ್ಲಿ ಕೈಬಿಡಬೇಕು ಎಂಬುದನ್ನು ಕುಡುಗೋಲು ಕಣ ರೋಗದ ನಿದರ್ಶನ ಚೆನ್ನಾಗಿ ತೋರಿಸುತ್ತದೆ.

ಈ ಬರಹದ ವರ್ಣಮಾಲೆ ತೀರ ಚಿಕ್ಕದು. ಡಿ.ಎನ್.ಎ. ಎಂಬ ಜೋಡಿ ಎಳೆಯ ಅಣುವಿನಲ್ಲಿ ಅಡಿನೀನ್, ಥೈಮೀನ್, ಗ್ವಾನೀನ್, ಸೈಟೋಸೀನ್ ಎಂಬ ನಾಲ್ಕೇ ಪ್ರತ್ಯಾಮ್ಲಗಳಿವೆ. ಸಂಕ್ಷೇಪವಾಗಿ ಎ, ಟಿ, ಜಿ, ಸಿ. ಎ ಎದುರು ಟಿ, ಜಿ ಎದುರು ಸಿ ಕೂಡುವುದು ನಿಯಮ. ಮೂರು ಮೂರು ಅಕ್ಷರಗಳು ಸೇರಿ ಒಂದು ಪದ. ಅದಕ್ಕೆ ಕೋಡಾನ್ ಎಂದು ಹೆಸರು. ಒಟ್ಟು 64 ಪದಗಳಲ್ಲಿ 61 ಪದಗಳು 20 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ, ಉಳಿದ 3 ಪದಗಳು ವಾಕ್ಯಾಂತ್ಯದ ಗುರುತುಗಳು. ಆದುದರಿಂದ ಒಂದೇ ಅರ್ಥಕ್ಕೆ ಹಲವು ಪದಗಳಿರುವುದು ಅನಿವಾರ್ಯ. ಈ ನಿಘಂಟನ್ನು ಸಿದ್ಧಗೊಳಿಸಿದವರಲ್ಲಿ ಪ್ರಮುಖರಾದ ಹರಗೋಬಿಂದ ಖೊರಾನ ಅವರು 1968ರಲ್ಲಿ ನಿರೆನ್‌ಬರ್ಗ್ ಮತ್ತು ಹಾಲಿ ಅವರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಒಂದು ಪ್ರೋಟೀನು. ಅದರಲ್ಲಿ ಎರಡು ಆಲ್ಫಾ, ಎರಡು ಬೀಟಾ ಸರಪಣಿಗಳಿವೆ. ಬೀಟಾ ಸರಪಣಿಯ ಮೂಲಪಾಠ 11ನೆಯ ವರ್ಣತಂತುವಿನಲ್ಲಿದೆ. ಮೂಲಪ್ರತಿ ಕೋಶಕೇಂದ್ರವನ್ನು ಬಿಟ್ಟು ಹೊರಬರುವುದಿಲ್ಲ, ಡಿ.ಎನ್.ಎ.ಯ ಒಂದು ಎಳೆಯನ್ನು ಅಚ್ಚಾಗಿರಿಸಿಕೊಂಡು ಆರ್.ಎನ್.ಎ. ಎಂಬ ನಕಲು ತಯಾರಾಗುತ್ತದೆ. ಅದರಲ್ಲಿ ಟಿಯ ಸ್ಥಾನದಲ್ಲಿ ಯು ಎಂಬ ಅಕ್ಷರ ಬರುತ್ತದೆ. ನಡುವೆ ಸೇರಿಕೊಂಡ, ಪ್ರೋಟೀನಿಗೆ ಬೇಡವಾದ ಭಾಗಗಳನ್ನು ಕತ್ತರಿಸಿ ಉಳಿದುದನ್ನು ಜೋಡಿಸಿದ ಮೇಲೆ ಈ ನಕಲು ಹೊರಗಿನ ರೈಬೋಸೋಮನ್ನು ಸೇರುತ್ತದೆ. ಅಲ್ಲಿ ನಡೆಯುವುದು ನಿಜವಾದ ಅನುವಾದ. ಸಾಗಣೆ ಆರ್.ಎನ್.ಎ. ಎಂಬ ಕಿರಿಯ ಅಣುಗಳು ಒಂದು ತುದಿಯಲ್ಲಿ ಪದವನ್ನು ಗುರುತಿಸುತ್ತವೆ, ಇನ್ನೊಂದು ತುದಿಯಲ್ಲಿ ತಕ್ಕ ಅಮೈನೋ ಆಮ್ಲವನ್ನು ಹೊತ್ತಿರುತ್ತವೆ. ಎರಡೂ ಭಾಷೆಗಳನ್ನು ಬಲ್ಲ ದ್ವಿಭಾಷಿಗಳು ಇವು. ಹೀಗೆ 146 ಅಮೈನೋ ಆಮ್ಲಗಳ ಸರಪಣಿ ಸಿದ್ಧವಾಗುತ್ತದೆ.

ಈ ಸರಪಣಿಯ ಆರನೆಯ ಸ್ಥಾನದಲ್ಲಿ ಇರಬೇಕಾದುದು ಗ್ಲುಟಾಮಿಕ್ ಆಮ್ಲ. ಅದರ ಪದ ಜಿ-ಎ-ಜಿ. ನಡುವಿನ ಎ ಹೋಗಿ ಟಿ ಬಂದರೆ ಪದ ಜಿ-ಟಿ-ಜಿ ಆಗಿ, ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಸೇರುತ್ತದೆ. ಮೊದಲನೆಯದು ನೀರಿಗೆ ಒಲಿಯುವಂಥದು, ಎರಡನೆಯದು ನೀರನ್ನು ಒಲ್ಲದ್ದು. ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಆಗ ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತವೆ. ದುಂಡಗಿನ ರಕ್ತಕಣ ಕುಡುಗೋಲಿನಂತೆ ಬಾಗಿ, ಸೂಕ್ಷ್ಮ ರಕ್ತನಾಳಗಳಲ್ಲಿ ಸಿಲುಕಿಕೊಳ್ಳುತ್ತದೆ. ಸುಮಾರು 120 ದಿನ ಬಾಳಬೇಕಾದ ಕಣ 10-20 ದಿನಗಳಲ್ಲಿ ಅಳಿಯುತ್ತದೆ. ರೋಗಿಗೆ ಮೂಳೆ ಮೂಳೆಯಲ್ಲಿ ನೋವು. ಇದು ಅಣುವಿನ ರೋಗವೆಂದು ಪೌಲಿಂಗ್ ಮತ್ತು ಸಂಗಡಿಗರು 1949ರಲ್ಲಿ ತೋರಿಸಿದರು. ತಪ್ಪು ಒಂದೇ ಅಮೈನೋ ಆಮ್ಲದಲ್ಲಿದೆಯೆಂದು 1957ರಲ್ಲಿ ಇಂಗ್ರಾಮ್ ಖಚಿತಪಡಿಸಿದರು. ಅದೇ ಪದದ ಮೂರನೆಯ ಅಕ್ಷರ ಬದಲಾಗಿ ಜಿ-ಎ-ಎ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಅದೂ ಗ್ಲುಟಾಮಿಕ್ ಆಮ್ಲಕ್ಕೆ ಪರ್ಯಾಯಪದವೇ.

ಅಕ್ಷರಗಳು ಬಿಟ್ಟುಹೋದಾಗ ಆಗುವ ಅನಾಹುತ ಬೇರೆಯ ಬಗೆಯದು. ಭಾರತದಲ್ಲಿ ಕಂಡುಬರುವ ಬೀಟಾ ಥಲಸೀಮಿಯದ ಒಂದು ರೂಪದಲ್ಲಿ ಇದೇ ಜೀನಿನ 41-42ನೆಯ ಪದಗಳಲ್ಲಿ ನಾಲ್ಕು ಅಕ್ಷರಗಳು ಲೋಪವಾಗಿರುತ್ತವೆ. ಅಲ್ಲಿಂದ ಮುಂದೆ ಪದಚ್ಛೇದವೇ ತಪ್ಪುತ್ತದೆ. ಅರ್ಥವಿಲ್ಲದ ಪದಗಳ ನಡುವೆ ಅಕಾಲದಲ್ಲಿ ವಾಕ್ಯಾಂತ್ಯದ ಗುರುತು ಬಂದು ಸರಪಣಿ ಪೂರ್ಣವಾಗುವುದೇ ಇಲ್ಲ.

ಇಂತಹ ಉತ್ಪರಿವರ್ತನೆಗಳು ಹುಟ್ಟುವ ಬಗೆ ಹಲವು. ಕೋಶ ಒಡೆಯುವ ಮುನ್ನ ಡಿ.ಎನ್.ಎ. ಪೂರ್ತಿಯಾಗಿ ನಕಲಾಗಬೇಕು. ನಕಲು ಮಾಡುವ ಕಿಣ್ವ ಸುಮಾರು ಲಕ್ಷ ಅಕ್ಷರಗಳಿಗೊಮ್ಮೆ ತಪ್ಪುತ್ತದೆ. ಒಡನೆಯೇ ಕರಡು ತಿದ್ದಿಕೊಳ್ಳುತ್ತದೆ. ಉಳಿದುದನ್ನು ಬೇರೆ ಕಿಣ್ವಗಳು ತಿದ್ದುತ್ತವೆ. ಕೊನೆಗೆ ಉಳಿಯುವ ತಪ್ಪು ಸುಮಾರು 100 ಕೋಟಿ ಅಕ್ಷರಗಳಿಗೆ ಒಂದು. ನಕಲಿನ ಹಂಗಿಲ್ಲದೆಯೂ ಬರಹ ಕೆಡುವುದುಂಟು: ಸೈಟೋಸೀನ್ ತಾನೇ ತಾನಾಗಿ ಯುರಸಿಲ್ ಆಗುತ್ತದೆ, ಬಿಸಿಲಿನ ಅತಿನೇರಿಳೆ ಕಿರಣ ಪಕ್ಕಪಕ್ಕದ ಥೈಮೀನ್‌ಗಳನ್ನು ಬೆಸೆಯುತ್ತದೆ. ಅಂಡಾಣು, ವೀರ್ಯಾಣುಗಳಲ್ಲಿ ಆದ ಬದಲಾವಣೆ ಮಾತ್ರ ಸಂತತಿಗೆ ಇಳಿಯುತ್ತದೆ. ಹುಟ್ಟುವ ಪ್ರತಿ ಶಿಶುವಿನಲ್ಲಿಯೂ ಹೊಸತಾದ 60-70 ಬದಲಾವಣೆಗಳಿರುತ್ತವೆ. ಹೆಚ್ಚಿನವು ತಂದೆಯ ಕಡೆಯಿಂದ ಬಂದವು, ಹೆಚ್ಚಿನವು ನಿರಪಾಯ.

ಲಿಪಿಕಾರನ ಹೋಲಿಕೆಯನ್ನು ಬಿಡಬೇಕಾದುದು ಇಲ್ಲಿಯೇ. ಜಾಣ ಲಿಪಿಕಾರ ತನಗೆ ತಿಳಿಯದ ಪದವನ್ನು ತಿಳಿದ ಪದವಾಗಿ ತಿದ್ದುತ್ತಾನೆ. ಕಿಣ್ವಕ್ಕೆ ಅರ್ಥ ತಿಳಿಯದು, ಜೋಡಿ ಕೂಡಿತೇ ಎಂಬುದಷ್ಟೇ ಅದರ ಪರೀಕ್ಷೆ. ಬದಲಾವಣೆ ಒಳಿತೋ ಕೆಡುಕೋ ಎಂಬುದನ್ನು ಪರಿಸರ ಆಮೇಲೆ ತೀರ್ಮಾನಿಸುತ್ತದೆ. ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಕುಡುಗೋಲು ಜೀನನ್ನು ಪಡೆದ ವಾಹಕನಿಗೆ ಮಾರಕ ಮಲೇರಿಯದಿಂದ ರಕ್ಷಣೆ ದೊರೆಯುತ್ತದೆಂದು ಆಲಿಸನ್ 1954ರಲ್ಲಿ ಪೂರ್ವ ಆಫ್ರಿಕದ ಅಧ್ಯಯನದಿಂದ ತೋರಿಸಿದರು. ಮಲೇರಿಯದ ನಾಡುಗಳಲ್ಲಿ ಈ ಪಾಠ ಉಳಿದುಬಂದುದು ಅದರಿಂದಲೇ. ಭಾರತದಲ್ಲಿ ಇದು ಮೊದಲು ವರದಿಯಾದುದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಮಹಾರಾಷ್ಟ್ರ, ಗುಜರಾತ, ಮಧ್ಯಪ್ರದೇಶಗಳ ಆದಿವಾಸಿಗಳಲ್ಲಿಯೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಇದುಂಟು. ಆಫ್ರಿಕದ ಪಾಠಕ್ಕೂ ಭಾರತದ ಪಾಠಕ್ಕೂ ಸುತ್ತಲಿನ ಅಕ್ಷರಗಳಲ್ಲಿ ಭೇದವಿರುವುದರಿಂದ ಇವು ಬೇರೆ ಬೇರೆ ಕಡೆ ಹುಟ್ಟಿದ ತಪ್ಪುಗಳೆಂಬ ಅಭಿಪ್ರಾಯ ಬಹುಕಾಲ ಬಲವಾಗಿತ್ತು. ಶ್ರೈನರ್ ಮತ್ತು ರೊಟಿಮಿ 2018ರಲ್ಲಿ ಎಲ್ಲಕ್ಕೂ ಸುಮಾರು 7,300 ವರ್ಷಗಳ ಹಿಂದಿನ ಒಂದೇ ಮೂಲವೆಂದು ವಾದಿಸಿದ್ದಾರೆ. ಪ್ರತಿಗಳ ವಂಶವೃಕ್ಷ ಕಟ್ಟುವವರಿಗೆ ಈ ಬಗೆಯ ಚರ್ಚೆ ಅಪರಿಚಿತವಲ್ಲ.

ತಂದೆತಾಯಿ ಇಬ್ಬರೂ ವಾಹಕರಾದರೆ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲೊಂದು. ಒಂದು ಮಗುವಿಗೆ ಬಂದರೆ ಮುಂದಿನ ಮೂವರು ಪಾರಾದರೆಂದು ಇದರ ಅರ್ಥವಲ್ಲ. ಪ್ರತಿ ಗರ್ಭಕ್ಕೂ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ. ವಾಹಕರನ್ನು ಮೊದಲೇ ಗುರುತಿಸುವುದು 2023ರಲ್ಲಿ ಭಾರತ ಸರಕಾರ ಆರಂಭಿಸಿದ ಕುಡುಗೋಲು ಕಣ ರೋಗ ನಿರ್ಮೂಲನ ಕಾರ್ಯಕ್ರಮದ ಮುಖ್ಯ ಅಂಗ. ಅದೇ ವರ್ಷ ಬ್ರಿಟನ್ ಒಂದು ಜೀನ್ ಚಿಕಿತ್ಸೆಗೆ ಅನುಮತಿ ನೀಡಿತು. ವಿಶೇಷವೆಂದರೆ ಅದು ಕೆಟ್ಟ ಅಕ್ಷರವನ್ನು ತಿದ್ದುವುದಿಲ್ಲ. ಹುಟ್ಟಿದ ಬಳಿಕ ಮುಚ್ಚಿಹೋಗುವ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಜೀನನ್ನು ಮತ್ತೆ ಓದಿಸುತ್ತದೆ. ಅಮೆರಿಕದಲ್ಲಿ ಅದಕ್ಕೆ ನಿಗದಿಯಾದ ಬೆಲೆ 22 ಲಕ್ಷ ಡಾಲರು. ಹೈಡ್ರಾಕ್ಸಿಯೂರಿಯ ಎಂಬ ಹಳೆಯ, ಅಗ್ಗದ ಔಷಧವೂ ಸ್ವಲ್ಪಮಟ್ಟಿಗೆ ಇದೇ ಕೆಲಸವನ್ನು ಮಾಡುತ್ತದೆ. ಬೆಟ್ಟದ ಹಾಡಿಯ ಮಗುವಿಗೆ ಸದ್ಯ ಕೈಗೆಟಕಬಲ್ಲುದು ಅದು.