ಬೆಳ್ಳಿ ಲೋಟದ ಮೇಲಿನ ಹೆಸರು

‘ಬಾಯಲ್ಲಿ ಬೆಳ್ಳಿ ಚಮಚ ಇಟ್ಟುಕೊಂಡೇ ಹುಟ್ಟಿದವನು’ ಎಂಬ ಇಂಗ್ಲಿಷರ ಮಾತು ನಮ್ಮ ಚುನಾವಣಾ ಭಾಷಣಗಳಿಗೂ ಬಂದು ಸೇರಿದೆ. ಆದರೆ ಆ ಚಮಚ ಬರಿಯ ಮಾತಿನದಲ್ಲ. ಇಂಗ್ಲೆಂಡಿನ ಉಳ್ಳವರ ಮನೆಗಳಲ್ಲಿ ಮಗುವಿನ ದೀಕ್ಷಾಸ್ನಾನದ ದಿನ ಧರ್ಮ ತಂದೆ-ತಾಯಿಯರು ಬೆಳ್ಳಿ ಚಮಚ ಕೊಡುವುದು ಶತಮಾನಗಳ ವಾಡಿಕೆ.

15ರಿಂದ 17ನೆಯ ಶತಮಾನದವರೆಗೆ ಇದಕ್ಕೆ ಹೆಸರಾದದ್ದು ‘ಅಪೋಸಲ್ ಚಮಚ’. ಹಿಡಿಯ ತುದಿಯಲ್ಲಿ ಏಸುವಿನ ಶಿಷ್ಯರಲ್ಲೊಬ್ಬರ ಪುಟ್ಟ ಮೂರ್ತಿ. ಹನ್ನೆರಡು ಶಿಷ್ಯರ ಜೊತೆ ಏಸುವೂ ಸೇರಿ 13 ಚಮಚಗಳಾದರೆ ಪೂರ್ತಿ ಸೆಟ್ಟು. ಅಷ್ಟು ಕೊಡಬಲ್ಲವರು ವಿರಳ. ಒಂದೆರಡಕ್ಕೇ ಮುಗಿಸುವವರೇ ಹೆಚ್ಚು. ಷೇಕ್ಸ್‌ಪಿಯರನ ‘ಎಂಟನೆಯ ಹೆನ್ರಿ’ ನಾಟಕದಲ್ಲಿ ಧರ್ಮಪಿತನಾಗಲು ಹಿಂಜರಿದ ಕ್ರ್ಯಾನ್ಮರನನ್ನು ರಾಜನು ಚಮಚದ ಖರ್ಚಿನ ಮಾತೆತ್ತಿ ಛೇಡಿಸುತ್ತಾನೆ. ಮುಯ್ಯಿಯ ಲೆಕ್ಕಾಚಾರ ಎಲ್ಲ ದೇಶದಲ್ಲೂ ಒಂದೇ!

18ನೆಯ ಶತಮಾನದಲ್ಲಿ, ಹಾಲಿನಲ್ಲಿ ಬ್ರೆಡ್ಡು ನೆನೆಸಿದ ಗಂಜಿ ಕುಡಿಸಲು ದೋಣಿಯಾಕಾರದ ಪುಟ್ಟ ಬೆಳ್ಳಿ ಪಾತ್ರೆ ಬಳಕೆಯಲ್ಲಿತ್ತು. ಒಳಲೆಯಲ್ಲಿ ಮಗುವಿಗೆ ಹಾಲು ಹಾಕಿದ ನಮ್ಮ ಅಜ್ಜಿಯರಿಗೆ ಅದರ ಉಪಯೋಗವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ವಿಕ್ಟೋರಿಯಾ ರಾಣಿಯ ಕಾಲಕ್ಕೆ ಹಿಡಿಯಿರುವ ಲೋಟ ಬಂತು. ಸುತ್ತ ಹೂಬಳ್ಳಿ, ನಡುವೆ ಮಗುವಿನ ಹೆಸರು, ತಾರೀಖು. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಸಂಸ್ಥೆಯವರು 1840ರಲ್ಲಿ ವಿದ್ಯುತ್ ಲೇಪನಕ್ಕೆ ಪೇಟೆಂಟ್ ಪಡೆದ ಮೇಲೆ, ಬೆಳ್ಳಿ ಮುಲಾಮಿನ ಲೋಟ ಮಧ್ಯಮ ವರ್ಗದವರ ಕೈಗೂ ಎಟುಕಿತು.

ಅಸಲಿ ಬೆಳ್ಳಿಯ ಗುರುತು ಅದರ ಮುದ್ರೆಗಳಲ್ಲಿದೆ. ನಡೆಯುವ ಸಿಂಹವಿದ್ದರೆ ಸಾವಿರದಲ್ಲಿ 925 ಪಾಲು ಶುದ್ಧ ಬೆಳ್ಳಿ. ಚಿರತೆಯ ತಲೆ ಲಂಡನ್ನಿನದು, ಲಂಗರು ಬರ್ಮಿಂಗ್‌ಹ್ಯಾಮಿನದು. ಪಕ್ಕದ ಅಕ್ಷರ ವರ್ಷವನ್ನು ಹೇಳುತ್ತದೆ. ಕೆತ್ತಿದ ಜನ್ಮದಿನಕ್ಕಿಂತ ಈ ಅಕ್ಷರ ನಲವತ್ತು ವರ್ಷ ಹಿಂದಿನದಾಗಿದ್ದರೆ, ಯಾರದೋ ಹಳೆಯ ಲೋಟಕ್ಕೆ ಹೊಸ ಹೆಸರು ಬಿದ್ದಿದೆ ಎಂದೇ ಅರ್ಥ.

ಹೆಸರಿನ ವಿಷಯಕ್ಕೆ ಬಂದಾಗ ಮನಸ್ಸು ತುಸು ಭಾರವಾಗುತ್ತದೆ. 19ನೆಯ ಶತಮಾನದ ಉತ್ತರಾರ್ಧದ ಇಂಗ್ಲೆಂಡಿನಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 150 ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಕೆಲವು ಚಮಚಗಳ ಮೇಲೆ ಹಾಲುಹಲ್ಲಿನ ಕಚ್ಚು ಇರುತ್ತದೆ. ಆ ಮಗು ಅಷ್ಟರಮಟ್ಟಿಗಾದರೂ ಬೆಳೆಯಿತೆನ್ನಬಹುದು. ಒಂದು ಗೀರೂ ಇಲ್ಲದ ಲೋಟ ಸಿಕ್ಕಾಗ, ಅದನ್ನು ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದರೋ, ಕುಡಿಯಬೇಕಾದ ಕಂದನೇ ಉಳಿಯಲಿಲ್ಲವೋ, ಬೆಳ್ಳಿ ಹೇಳುವುದಿಲ್ಲ.

ಪರರ ಹೆಸರಿದ್ದರೆ ಗಿರಾಕಿ ಒಲ್ಲೆನೆಂದಾನು ಎಂದು ಅದನ್ನು ಉಜ್ಜಿ ಅಳಿಸುವ ವ್ಯಾಪಾರಿಗಳೂ ಇದ್ದಾರೆ. ಇದು ಸರಿಯಾದ ಕೆಲಸವಲ್ಲ. ಲೋಹವೂ ಸವೆಯುತ್ತದೆ, ಚರಿತ್ರೆಯೂ ಹೋಗುತ್ತದೆ. ಅಂಥ ಲೋಟವನ್ನು ಹೆಬ್ಬೆರಳಿನಿಂದ ಒತ್ತಿದರೆ ಆ ಜಾಗ ತೆಳುವಾಗಿರುವುದು ತಿಳಿಯುತ್ತದೆ. ಬಾಯಿಂದ ಹಬೆ ಊದಿದರೆ, ಅಳಿಸಿದ ಅಕ್ಷರಗಳು ಒಮ್ಮೊಮ್ಮೆ ಮಂಜಿನ ನಡುವೆ ಕ್ಷಣಕಾಲ ಕಾಣಿಸಿಕೊಳ್ಳುವುದೂ ಉಂಟು.