ಬೆಲ್ಲ ಶ್ವಾಸಕೋಶಕ್ಕೆ ಇಳಿಯುವುದಿಲ್ಲ

ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಇಳಿಯುವ ಮೊದಲು ಸಿಗುವ ಊರು ಮಾರನಹಳ್ಳಿ. ಜಡಿಮಳೆ, ಕಾಫಿ ತೋಟ, ಸೌದೆ ಒಲೆ, ಘಾಟಿ ಹತ್ತುವ ಲಾರಿಗಳ ಹೊಗೆ ಇರುವ ಈ ಸೀಮೆಯಲ್ಲಿ ಎದೆಯ ಬಗೆಗಿನ ನಂಬಿಕೆಗಳಿಗೂ ಬರವಿಲ್ಲ. ಇಂಥ ಕಡೆ ಕೆಲಸಕ್ಕೆ ಬರುವ ಆರೋಗ್ಯ ವಿದ್ಯಾರ್ಥಿಗಳು ಎದೆಗೂಡಿನ ರಚನೆಯನ್ನು ಸರಿಯಾಗಿ ತಿಳಿದಿದ್ದರೆ ಅರ್ಧ ತಪ್ಪುಗಳು ಅಲ್ಲಿಯೇ ತಿದ್ದಿಹೋಗುತ್ತವೆ.

ನಂಬಿಕೆ: ಶ್ವಾಸಕೋಶ ತಾನೇ ಹಿಗ್ಗಿ ಗಾಳಿ ಎಳೆದುಕೊಳ್ಳುತ್ತದೆ.
ಸತ್ಯ: ಹಿಗ್ಗುವುದು ಎದೆಗೂಡು, ಕಮ್ಮಾರನ ತಿದಿಯ ಹಾಗೆ. ವಪೆ ಕೆಳಗಿಳಿಯುತ್ತದೆ, ಪಕ್ಕೆಲುಬುಗಳು ಮೇಲೇಳುತ್ತವೆ, ಒಳಗಿನ ಒತ್ತಡ ತಗ್ಗುತ್ತದೆ, ಗಾಳಿ ನುಗ್ಗುತ್ತದೆ. ಆರಾಮದ ಒಂದು ಉಸಿರಿಗೆ ಸುಮಾರು 500 ಮಿ.ಲೀ. ಶ್ವಾಸಕೋಶಕ್ಕೆ ಹಿಗ್ಗುವ ಶಕ್ತಿ ಇಲ್ಲ, ಕುಗ್ಗುವ ಗುಣವಷ್ಟೇ ಇದೆ. ಅದನ್ನು ಗೋಡೆಗೆ ಅಂಟಿಸಿಟ್ಟಿರುವುದು ಎರಡು ಪ್ಲೂರಾ ಪೊರೆಗಳ ನಡುವಿನ ತೆಳು ದ್ರವ ಮತ್ತು ಅಲ್ಲಿನ ಋಣ ಒತ್ತಡ. ಮೆಣಸು ಕೊಯ್ಯಲು ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿದವರು ಜಾರಿ ಬಿದ್ದು, ಮುರಿದ ಪಕ್ಕೆಲುಬು ಪೊರೆಯನ್ನು ಚುಚ್ಚಿದರೆ ಗಾಳಿ ಆ ಸಂದಿಗೆ ಸೇರುತ್ತದೆ, ಶ್ವಾಸಕೋಶ ಮುದುಡಿಕೊಳ್ಳುತ್ತದೆ. ಬಿದ್ದವರಿಗೆ ಉಸಿರು ಕಟ್ಟುತ್ತಿದ್ದರೆ ಎಣ್ಣೆ ತಿಕ್ಕುತ್ತ ಕೂರಬಾರದು, ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು.

ನಂಬಿಕೆ: ಎರಡೂ ಶ್ವಾಸಕೋಶ ಒಂದೇ ಥರ, ಇರುವುದು ಎದೆಯ ಮುಂಭಾಗದಲ್ಲಿ.
ಸತ್ಯ: ಬಲಕ್ಕೆ ಮೂರು ಹಾಲೆ, ಎಡಕ್ಕೆ ಎರಡು, ಎಡಗಡೆ ಹೃದಯ ಜಾಗ ಕೇಳುತ್ತದೆ. ತುದಿ ಕಾಲರ್ ಎಲುಬಿನ ಒಳಭಾಗದಿಂದ 2–3 ಸೆಂ.ಮೀ. ಮೇಲಕ್ಕೆ, ಕತ್ತಿನ ಬುಡದವರೆಗೂ ಏರಿರುತ್ತದೆ. ಬೆನ್ನಿನ ಬಹುಭಾಗ ಕೆಳಹಾಲೆಗಳದ್ದು. ಸ್ಟೆತಾಸ್ಕೋಪನ್ನು ಮುಂದೆ ಮಾತ್ರ ಇಟ್ಟು ‘ಎದೆ ಚೆನ್ನಾಗಿದೆ’ ಎಂದವರು ಕೆಳಹಾಲೆಗಳನ್ನು ಹೆಚ್ಚುಕಡಿಮೆ ಕೇಳಿಯೇ ಇಲ್ಲ. ಬಲಗಡೆಯ ಶ್ವಾಸನಾಳ ಅಗಲ, ಗಿಡ್ಡ, ಹೆಚ್ಚು ನೆಟ್ಟಗೆ. ಮಗು ಕಡಲೆಬೀಜ ನೆತ್ತಿಗೇರಿಸಿಕೊಂಡರೆ ಅದು ಬಲಕ್ಕೆ ಇಳಿಯುವುದೇ ಹೆಚ್ಚು.

ನಂಬಿಕೆ: ದೂಳಿನಲ್ಲಿ ಕೆಲಸ ಮಾಡಿ ಬಂದು ಬೆಲ್ಲ ತಿಂದರೆ ಶ್ವಾಸಕೋಶ ತೊಳೆದುಹೋಗುತ್ತದೆ.
ಸತ್ಯ: ಬೆಲ್ಲ ಹೋಗುವುದು ಅನ್ನನಾಳಕ್ಕೆ. ನುಂಗುವಾಗ ಎಪಿಗ್ಲಾಟಿಸ್ ಎಂಬ ಮುಚ್ಚಳ ಬಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಚೆರಿ ಕಾಫಿ ಹಲ್ಲಿಂಗ್ ಮಾಡುವಾಗ ಏಳುವ ದೊಡ್ಡ ದೂಳನ್ನು ಮೂಗು ತಡೆಯುತ್ತದೆ. ಶ್ವಾಸನಾಳಕ್ಕೆ ದಾಟಿದ್ದನ್ನು ಅಲ್ಲಿನ ಲೋಳೆ ಹಿಡಿಯುತ್ತದೆ, ಸೂಕ್ಷ್ಮ ರೋಮಗಳು ಅದನ್ನು ಗಂಟಲಿನತ್ತ ತಳ್ಳುತ್ತವೆ. 2.5 ಮೈಕ್ರಾನಿಗಿಂತ ಸಣ್ಣ ಕಣಗಳು ಗಾಳಿಗೂಡುಗಳನ್ನೇ ಮುಟ್ಟಬಲ್ಲವು. ಬೀಡಿ ಹೊಗೆ ಈ ರೋಮಗಳನ್ನು ನಿಶ್ಚಲ ಮಾಡುತ್ತದೆ. ಬೆಲ್ಲ ನಾಲಿಗೆಗೆ ಹಿತ. ಎದೆಗೆ ಹಿತವಾದದ್ದು ಸರಿಯಾಗಿ ಕೂರುವ ಮಾಸ್ಕ್.

ನಂಬಿಕೆ: ಮಳೆಯಲ್ಲಿ ನೆನೆದರೆ ಮಗುವಿಗೆ ನ್ಯುಮೋನಿಯಾ ಬರುತ್ತದೆ.
ಸತ್ಯ: ನ್ಯುಮೋನಿಯಾ ತರುವುದು ಮುಖ್ಯವಾಗಿ ಬ್ಯಾಕ್ಟೀರಿಯ ಮತ್ತು ವೈರಸ್. ಮಳೆಗಾಲದಲ್ಲಿ ಕಿಟಕಿ ಮುಚ್ಚಿದ, ತೋಟದ ಕಾರ್ಮಿಕರ ಲೈನ್ ಮನೆಯೊಳಗೆ ಹತ್ತಿರ ಹತ್ತಿರ ಮಲಗುವುದು, ಜೊತೆಗೆ ಒಲೆಯ ಹೊಗೆ, ಅಪಾಯ ಹೆಚ್ಚಿಸುತ್ತವೆ. ನೆನೆದಿತ್ತೇ ಎಂದು ಕೇಳುವುದಕ್ಕಿಂತ ಉಸಿರು ಎಣಿಸುವುದು ಮುಖ್ಯ. ನಿಮಿಷಕ್ಕೆ 2 ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕೂ ಹೆಚ್ಚಾದರೆ ಅದು ವೇಗದ ಉಸಿರು. ಉಸಿರೆಳೆದಾಗ ಎದೆಯ ಕೆಳಭಾಗ ಒಳಗೆ ಹೋಗುತ್ತಿದ್ದರೆ ಕಾಯುವಂತಿಲ್ಲ.

ನಂಬಿಕೆ: ಮಲೆನಾಡಿನ ಗಾಳಿ ಶುದ್ಧ; ಬೀಡಿ ಸೇದದವರಿಗೆ ದಮ್ಮು ಬರುವುದಿಲ್ಲ.
ಸತ್ಯ: ಹೊರಗಿನ ಗಾಳಿ ಶುದ್ಧವಿದ್ದರೂ ಅಡುಗೆಮನೆಯದ್ದು ಬೇರೆ. ವರ್ಷಗಟ್ಟಲೆ ಸೌದೆ ಹೊಗೆ ಕುಡಿದ ಹೆಂಗಸರಿಗೂ ಸಿಒಪಿಡಿ ಎಂಬ ದಮ್ಮಿನ ಕಾಯಿಲೆ ಬರುತ್ತದೆ. 2016ರ ಉಜ್ವಲ ಯೋಜನೆಯ ಅಡುಗೆ ಅನಿಲದ ಸಿಲಿಂಡರ್ ಬಂದ ಮೇಲೂ ಹಂಡೆಯ ನೀರಿಗೆ ಸೌದೆಯನ್ನೇ ಉರಿಸುವ ಮನೆಗಳುಂಟು. ಆದ್ದರಿಂದ ಬೀಡಿಯ ಪ್ರಶ್ನೆಯ ಜೊತೆಗೆ “ಬಚ್ಚಲಿಗೆ ಯಾವ ಒಲೆ, ಅಮ್ಮಾ?” ಎಂದೂ ಕೇಳಬೇಕು. ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆಯಲ್ಲಿ, ಗಾಳಿದಾರಿ ಹಿಗ್ಗಿಸುವ ಔಷಧ ಕೊಟ್ಟ ಬಳಿಕವೂ ಜೋರಾಗಿ ಊದಿದ ಒಟ್ಟು ಗಾಳಿಯಲ್ಲಿ ಶೇ 70ಕ್ಕಿಂತ ಕಡಿಮೆ ಮೊದಲ ಸೆಕೆಂಡಿನಲ್ಲಿ ಹೊರಬಂದರೆ ಗಾಳಿದಾರಿ ಕಿರಿದಾಗಿದೆ ಎಂದರ್ಥ.

ನಂಬಿಕೆ: ನೋವಿಲ್ಲ ಎಂದರೆ ಶ್ವಾಸಕೋಶ ಚೆನ್ನಾಗಿದೆ.
ಸತ್ಯ: ಶ್ವಾಸಕೋಶದ ತಿರುಳಿಗೆ ನೋವು ತಿಳಿಯುವುದಿಲ್ಲ. ಉಸಿರೆಳೆದಾಗ ‘ಪಕ್ಕೆ ಹಿಡಿಯುವುದು’ ಸಾಮಾನ್ಯವಾಗಿ ಹೊರಗಿನ ಪ್ಲೂರಾ ಪೊರೆಯಿಂದ ಅಥವಾ ಎದೆಗೂಡಿನ ಸ್ನಾಯು, ಎಲುಬುಗಳಿಂದ. ಕ್ಷಯ ಒಳಗೆ ಬೆಳೆಯುತ್ತಿದ್ದರೂ ಎದೆ ನೋಯದೆ ಇರಬಹುದು. ನೋವಿಗಾಗಿ ಕಾಯದೆ, ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸುವುದೇ ಸರಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ, ಔಷಧ ಎರಡೂ ಉಚಿತ.