ಒತ್ತು, ಹಿಡ್ಕೋ, ಬಿಡಬೇಡ

ಮಸಿನಗುಡಿಯಿಂದ ಬೊಕ್ಕಾಪುರದ ಕಡೆ ತಿರುಗಿದರೆ ಸಾಕು, ದಾರಿಯ ಕೊನೆಗೆ ನೀಲಗಿರಿ ನೆಟ್ಟಗೆ ಎದ್ದು ಅಡ್ಡ ನಿಂತಿರುತ್ತದೆ. ಚಳಿ ಹಿಂದೆ ಸರಿದು ಬಿಸಿಲು ಬಲಿಯುತ್ತಿರುವ ದಿನಗಳು. ದಾರಿಯ ಎರಡೂ ಬದಿಗೆ ಲಂಟಾನ ಒಣಗಿ ಕಡ್ಡಿಯಾಗಿದೆ, ಬಿದಿರ ಮೆಳೆಯಾಚೆ ನವಿಲು ಕೂಗುತ್ತದೆ, ಮೇಯಲು ಬಿಟ್ಟ ದನಗಳ ಕೊರಳಗಂಟೆ ಆಗೊಮ್ಮೆ ಈಗೊಮ್ಮೆ ಕೇಳುತ್ತದೆ. ಮಾರಿಯಮ್ಮನ ಜಾತ್ರೆ ಹತ್ತಿರ ಬಂತೆಂದರೆ ಇಲ್ಲಿಯ ಜೀಪುಗಳಿಗೆ ಬಿಡುವಿಲ್ಲ. ಅದಕ್ಕೇ ಇಂದು ಬೆಳಿಗ್ಗೆಯೇ ಒಂದು ಅಂಗಳದಲ್ಲಿ, ಹುಣಸೆಮರದ ನೆರಳಿಗೆ ಹಳೆಯ ಜೀಪೊಂದನ್ನು ತಂದು, ಮೂರು ಗಾಲಿಗೆ ಕಲ್ಲು ಕೊಟ್ಟು, ನಾಲ್ಕನೆಯದನ್ನು ಜಾಕಿ ಹಾಕಿ ಎತ್ತಿದ್ದಾರೆ. ಜಾಕಿಯನ್ನೊಂದೇ ನಂಬಿ ಯಾರೂ ಗಾಡಿಯಡಿಗೆ ಹೋಗುವುದಿಲ್ಲ. ಆಕ್ಸಲ್ ಕೆಳಗೆ ದಪ್ಪನೆಯ ದಿಮ್ಮಿ ಕೂರಿಸಿ, ಒಮ್ಮೆ ಅಲ್ಲಾಡಿಸಿ ನೋಡಿದ ಮೇಲೇ ಮಾವ ಗೋಣಿತಾಟು ಹಾಸಿ ಮಲಗಿದ್ದು. ಸೀಟಿನಲ್ಲಿ ಅವರ ಸೋದರಳಿಯ.

“ಹೆಂಗಿದೆ ಪೆಡಲು?”

“ಮೆತ್ತಗಿದೆ ಮಾವ. ನಾಲ್ಕು ಸಲ ಒತ್ತಿದ್ರೆ ಗಟ್ಟಿ ಆಗ್ತದೆ.”

ಪೆಡಲು ಬರೀ ತಗ್ಗಿಗೆ ಹೋಗಿದ್ದರೆ ಡ್ರಮ್ಮಿನೊಳಗಿನ ಲೈನರ್ ಸವೆದು ಸಡಿಲಾಗಿದೆ ಎಂದು ಮೊದಲು ಅದನ್ನೇ ಬಿಗಿ ಮಾಡುತ್ತಿದ್ದರು. ಕಾಲಿನಡಿ ಅದುಮಿದಂತಾಗಿ ಪುಟಿದು ಬಂದರೆ ಅದು ಗಾಳಿಯ ಲಕ್ಷಣ. ಪೈಪಿನಲ್ಲಿ ತುಂಬಿರುವ ಬ್ರೇಕ್ ಎಣ್ಣೆಯನ್ನು ಎಷ್ಟು ಒತ್ತಿದರೂ ಅದು ಕುಗ್ಗದು. ಕಾಲು ಕೊಟ್ಟ ಬಲವನ್ನು ಹಾಗೆಯೇ ಗಾಲಿಗೆ ಮುಟ್ಟಿಸುತ್ತದೆ. ನಡುವೆ ಒಂದಿಷ್ಟು ಗಾಳಿಗುಳ್ಳೆ ಸೇರಿಕೊಂಡರೆ ಬಲವೆಲ್ಲ ಅದನ್ನು ಕುಗ್ಗಿಸುವುದಕ್ಕೇ ಮುಗಿದುಹೋಗುತ್ತದೆ. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಗಾಲಿಗೆ ಎಣ್ಣೆಯ ಬ್ರೇಕು ಹೊತ್ತು ಬಂದ ಕಾಲದಿಂದ ಇಂದಿನವರೆಗೂ, ಏರ್ ತೆಗೆಯುವ ಈ ಕೆಲಸ ತಪ್ಪಿಲ್ಲ.

ಹಿಂದಿನ ಎಡಗಾಲಿಯಿಂದ ಶುರು. ಬಲಗಡೆ ಕೂತು ಓಡಿಸುವ ನಮ್ಮ ಗಾಡಿಗಳಲ್ಲಿ ಪೆಡಲು ಒತ್ತುವ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಗಾಲಿ ಅದು. ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕಡೆಗೆ ಮುಂದಿನ ಬಲ. ಕೆಲವು ಹೊಸ ಕಾರುಗಳಲ್ಲಿ ಈ ಸಾಲು ಬೇರೆ. ಎಬಿಎಸ್ ಇದ್ದ ಕೆಲವಕ್ಕೆ ಸ್ಕ್ಯಾನರ್ ಕೂಡ ಬೇಕು, ಕೈಪಿಡಿ ನೋಡದೆ ಕೈ ಹಾಕುವಂತಿಲ್ಲ. ಮಾವ ತಂತಿಬ್ರಷ್ಷಿನಿಂದ, ಗಾಳಿ ಹೊರಬಿಡುವ ನಿಪ್ಪಲ್ ಸುತ್ತಿನ ಕೆಸರು ಉಜ್ಜಿ ಉದುರಿಸುತ್ತಾರೆ. ರಾತ್ರಿಯೇ ಹಚ್ಚಿಟ್ಟ ಸೀಮೆಎಣ್ಣೆಯ ವಾಸನೆ ಇನ್ನೂ ಇದೆ. ಕಚ್ಚಿಕೊಂಡ ನಿಪ್ಪಲನ್ನು ಜಬರ್ದಸ್ತಿಯಿಂದ ತಿರುಗಿಸಿದರೆ ಮುರಿದು ಕೈಗೆ ಬರುತ್ತದೆ. ಮೊದಲು ರಿಂಗ್ ಸ್ಪ್ಯಾನರ್, ಅದರ ಮೇಲಿಂದ ತೆಳುವಾದ ಪಾರದರ್ಶಕ ಪೈಪು. ಪೈಪಿನ ಇನ್ನೊಂದು ತುದಿ, ತಳದಲ್ಲಿ ಸ್ವಲ್ಪ ಹೊಸ ಎಣ್ಣೆ ಇರುವ ಬಾಟಲಿಯಲ್ಲಿ ಮುಳುಗಿದೆ. ಬಾಟಲಿಯ ಗಾಳಿ ಹಿಂದಕ್ಕೆ ಹೋಗದಿರಲೆಂದು ಈ ಏರ್ಪಾಟು.

ಇನ್ನು ಮುಂದೆ ಇಬ್ಬರ ನಡುವೆ ಉಳಿಯುವುದು ಮಾತೊಂದೇ. ಕೆಳಗಿದ್ದವರಿಗೆ ಕಾಲು ಕಾಣದು, ಮೇಲಿದ್ದವನಿಗೆ ನಿಪ್ಪಲ್ ಕಾಣದು.

“ಒತ್ತು… ಒತ್ತು… ಮೆಲ್ಲಗೆ. ಹಿಡ್ಕೋ.”

“ಹಿಡಿದೀನಿ.”

ಸ್ಪ್ಯಾನರ್ ಕಾಲು ಸುತ್ತು ತಿರುಗುತ್ತದೆ. ಪೈಪಿನೊಳಗೆ ಮೊದಲು ಬುರುಬುರು ನೊರೆ, ಹಿಂದೆಯೇ ಡಿಕಾಕ್ಷನ್ ಬಣ್ಣದ ಹಳೆಯ ಎಣ್ಣೆ. “ಇಳೀತು ಮಾವ!” “ಬಿಡಬೇಡ!” ನಿಪ್ಪಲ್ ಬಿಗಿಯಾದ ಮೇಲೆ ಮಾತ್ರ “ಬಿಡು.” ಆ ಎರಡು ಮಾತಿನ ನಡುವೆ ಕಾಲೆತ್ತಿದರೆ ಹೊರಬಂದ ಗಾಳಿಯಷ್ಟೂ ವಾಪಸ್ಸು. ಪೆಡಲಿನಡಿ ಒಂದು ಮರದ ತುಂಡು ಇಟ್ಟಿದ್ದಾರೆ. ಎಂದೂ ಹೋಗದ ತಳಕ್ಕೆ ಪೆಡಲು ಹೋದರೆ ಹಳೆಯ ಸಿಲಿಂಡರಿನ ರಬ್ಬರ್ ವಾಷರು ಕೊಳೆಗೆ ಉಜ್ಜಿ ಹಾಳಾಗುತ್ತದೆ. ನಾಲ್ಕೈದು ಸಲ ಒತ್ತಿದ ಮೇಲೆ ಅಳಿಯ ಇಳಿದು ಬಾನೆಟ್ ಕೆಳಗಿನ ಎಣ್ಣೆ ಡಬ್ಬಿ ತುಂಬುತ್ತಾನೆ. ಅದು ಬರಿದಾದರೆ ಮೇಲಿನಿಂದಲೇ ಗಾಳಿ ಹೊಕ್ಕು ಎಲ್ಲವೂ ಮೊದಲಿನಿಂದ. ಬಾಟಲಿಗೆ ಬಿದ್ದ ಎಣ್ಣೆ ಮಾತ್ರ ಮತ್ತೆ ಡಬ್ಬಿಗೆ ಹೋಗುವುದಿಲ್ಲ.

ಇಷ್ಟು ಜೋಪಾನ ಯಾಕೆಂದು ಬೆಟ್ಟದ ಕಡೆ ನೋಡಿದರೆ ಗೊತ್ತಾಗುತ್ತದೆ. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವು. ಸಾವಿರ ಮೀಟರಿಗೂ ಮಿಕ್ಕಿದ ಇಳಿಜಾರಿನ ಭಾರವನ್ನೆಲ್ಲ ಗೇರು ತಡೆಯಬೇಕು. ತಡೆಯದಿದ್ದರೆ ಅದಷ್ಟೂ ಬ್ರೇಕಿನಲ್ಲಿ ಶಾಖವಾಗುತ್ತದೆ. ಬ್ರೇಕ್ ಎಣ್ಣೆಗೆ ಗಾಳಿಯಲ್ಲಿನ ತೇವ ಹೀರುವ ಗುಣವಿದೆ. ಡಾಟ್ 3 ದರ್ಜೆಯ ಹೊಸ ಎಣ್ಣೆ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಬೀಳುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155. ಎಣ್ಣೆಯೊಳಗಿನ ನೀರು ಘಾಟಿಯ ನಡುವೆ ಆವಿಯಾದರೆ, ಬೆಳಿಗ್ಗೆ ಗಟ್ಟಿಯಿದ್ದ ಪೆಡಲು ತಿರುವಿನಲ್ಲಿ ನೆಲಕ್ಕಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ ಎನ್ನುವುದು ಇದಕ್ಕೇ.

ಜೊತೆಗೆ ಯಾರೂ ಇಲ್ಲದ ದಿನ ನಿಪ್ಪಲ್ ಸಡಿಲಿಸಿ, ಎಣ್ಣೆ ತಾನಾಗಿ ತೊಟ್ಟಿಕ್ಕಲು ಬಿಟ್ಟು ಕಾಯುವವರಿದ್ದಾರೆ. ಒಂದೇ ದಿಕ್ಕಿಗೆ ಬಿಡುವ ವಾಲ್ವಿನ ಪೈಪು ಹಾಕಿ ಒಬ್ಬರೇ ಪಂಪು ಮಾಡುವವರೂ ಇದ್ದಾರೆ. ಎರಡರಲ್ಲೂ ಡಬ್ಬಿಯ ಮೇಲೆ ಕಣ್ಣಿಡುವುದು ತಪ್ಪದು.

ಪಕ್ಕದಲ್ಲೇ ಒಂದು ಕಾರು ತನ್ನ ಸರದಿಗೆ ಕಾದಿದೆ. ರಿವರ್ಸ್ ಹಾಕುವಾಗ ಗೇರು ಕರಕರ ಎನ್ನುತ್ತಿದೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಕೇಬಲ್ ಕ್ಲಚ್ಚಾದರೆ ಈ ಗೋಜಿಲ್ಲ. ಎಣ್ಣೆಯದಾದರೆ ಗೇರ್‌ಬಾಕ್ಸಿನ ಪಕ್ಕದ ಸಣ್ಣ ಸಿಲಿಂಡರಿನಲ್ಲೂ ಒಂದು ನಿಪ್ಪಲ್ ಇರುತ್ತದೆ, ಒತ್ತು-ಹಿಡಿ-ಬಿಡು ಲೆಕ್ಕ ಅದೇ. ಆದರೆ ಗಾಳಿ ಸೇರಿದ ಕ್ಲಚ್ ಪೆಡಲು ತಾನಾಗಿ ಮೇಲೆ ಬರದೆ ಕೈಯಿಂದ ಎತ್ತಬೇಕಾಗಬಹುದು. ಹಟ ಹಿಡಿದ ಗುಳ್ಳೆಗೆ ಮಾವ ದೊಡ್ಡ ಸಿರಿಂಜ್ ಇಟ್ಟಿದ್ದಾರೆ. ಗಾಳಿ ಹೇಗೂ ಮೇಲಕ್ಕೇ ಹೋಗುವುದು. ಹೊಸ ಎಣ್ಣೆಯನ್ನು ಕೆಳಗಿನ ನಿಪ್ಪಲಿನಿಂದ ನಿಧಾನಕ್ಕೆ ತಳ್ಳಿದರೆ ಗುಳ್ಳೆಗಳು ಮೇಲಿನ ಡಬ್ಬಿಯಲ್ಲಿ ಬಂದು ಒಡೆಯುತ್ತವೆ. ಡಬ್ಬಿ ಉಕ್ಕಿ ಒಂದು ಹನಿ ಮಡ್‌ಗಾರ್ಡಿಗೆ ಬಿತ್ತು. ಅಳಿಯ ಓಡಿ ಚೊಂಬಿನ ನೀರು ಸುರಿದ. ಈ ಎಣ್ಣೆ ಬಣ್ಣ ತಿನ್ನುತ್ತದೆ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಜೀಪಿನ ನಾಲ್ಕೂ ಗಾಲಿ ನೆಲಕ್ಕಿಳಿದವು. ಕೊಳೆ ಎಣ್ಣೆಯನ್ನು ಮುಚ್ಚಳ ಬಿಗಿದು ಗ್ಯಾರೇಜಿಗೆ ಕಳಿಸಲು ಎತ್ತಿಟ್ಟರು. ಚರಂಡಿಗೆ ಸುರಿದರೆ ಅದು ಸೀಗೂರು ಹೊಳೆ ಸೇರಿ ಮೋಯಾರಿಗೇ ಹೋಗುವುದು. ಅಳಿಯ ಪೆಡಲನ್ನು ಬಲವಾಗಿ ಒತ್ತಿ ಹಿಡಿದಿದ್ದಾನೆ, ಮಾವ ಒಂದೊಂದು ನಿಪ್ಪಲನ್ನೂ ಬೆರಳಿಂದ ಸವರಿ ಒಣಗಿದೆಯೇ ನೋಡುತ್ತಿದ್ದಾರೆ. ಒತ್ತಿ ಹಿಡಿದಾಗಲೂ ಪೆಡಲು ಮೆಲ್ಲಗೆ ಜಾರುತ್ತಿದ್ದರೆ ಎಣ್ಣೆ ಸೋರುತ್ತಿದೆ, ಇಲ್ಲವೇ ಸಿಲಿಂಡರಿನ ವಾಷರು ಹೋಗಿದೆ. ಮನೆಯ ಕೆಲಸ ಅಲ್ಲಿಗೆ ನಿಂತು ಮೆಕ್ಯಾನಿಕ್ ಬರಬೇಕು. ಇದು ಜಾರಲಿಲ್ಲ.

“ಘಾಟಿಗೆ ಹೋಗೋಣ್ವಾ ಮಾವ?”

“ಮೊದಲು ಗುಡಿ ತನಕ, ಇಪ್ಪತ್ತರ ಸ್ಪೀಡಲ್ಲಿ. ಹತ್ತು ಸಲ ನಿಲ್ಲಿಸಿ ನೋಡು. ಯಾರನ್ನೂ ಹತ್ತಿಸ್ಕೋಬೇಡ.”